ಘಾಟಿನ ಸಾಲು

ಊರಿನ ಹೆಸರು ಬೇಡ. ಹೆಸರು ಹೇಳಿದರೆ ಆ ಊರಿಗೆ ಮಾತ್ರ ನಾಚಿಕೆ, ಉಳಿದ ಊರುಗಳು ಮೀಸೆ ತಿರುವಿಕೊಂಡು ಪಾರಾಗಿಬಿಡುತ್ತವೆ. ಬ್ಯಾಡಗಿಯಲ್ಲಿ ಕಾಗಿನೆಲೆ ಬಸ್ಸು ಹತ್ತಿ, ಒಂದು ಕ್ರಾಸಿನಲ್ಲಿ ಇಳಿದು, ಒಂದೂವರೆ ಕಿಲೋಮೀಟರ್ ನಡೆದರೆ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಸಿಗುತ್ತದೆ. ಅಷ್ಟು ಸಾಕು.

ಆ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿ ಸೇರಿ ಕೂರುವ ದೊಡ್ಡ ಕೋಣೆಯಿತ್ತು. ಬಾಗಿಲ ಪಕ್ಕ ಎರಡು ಬೆಂಚು ಬೇರೆಯಾಗಿ ಹಾಕಿದ್ದರು. ಉಳಿದ ಬೆಂಚುಗಳಿಗೂ ಇವಕ್ಕೂ ನಡುವೆ ಒಬ್ಬ ಆಳು ಮಲಗುವಷ್ಟು ಜಾಗ. ಕೆಳಗಿನ ಓಣಿಯ ಏಳು ಮಕ್ಕಳು ಅಲ್ಲಿ ಕೂರಬೇಕು. ಅದಕ್ಕೆ ಘಾಟಿನ ಸಾಲು ಎಂದು ಹೆಸರು.

ಹೆಸರಿಗೊಂದು ಕಾರಣವನ್ನೂ ಇಟ್ಟಿದ್ದರು. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಕೆಳಗಿನ ಓಣಿಯ ಹೆಂಗಸರು ತುಂಬು ಬಿಡಿಸಲು ಕೂರುತ್ತಾರೆ. ಒಣಗಿದ ಕಾಯಿಯ ತೊಟ್ಟನ್ನು ಉಗುರಿನಿಂದ ಮುರಿದು ತೆಗೆಯುವ ಕೆಲಸ. ಶಾಲೆಗೆ ಹೊರಡುವ ಮುಂಚೆ ಮಕ್ಕಳೂ ಎರಡು ತಾಸು ಕೂರುತ್ತಾರೆ. ಬೆರಳ ತುದಿಯ ತೊಗಲು ಸುಲಿಯುತ್ತದೆ. ಉರಿ ಸಂಜೆಯ ತನಕ ಆರುವುದಿಲ್ಲ. ಆ ಕೈಯಲ್ಲಿ ಕಣ್ಣು ಒರೆಸಿಕೊಂಡರೆ ಮುಗಿಯಿತು. ಅವರ ಬಟ್ಟೆಯ ಘಾಟಿಗೆ ಪಕ್ಕದವರು ಸೀನುತ್ತಾರೆಂದು ಯಾವ ಕಾಲದಲ್ಲೋ ಯಾವನೋ ಮಾಸ್ತರ ಈ ಮಕ್ಕಳನ್ನು ಬಾಗಿಲ ಬಳಿ ಗಾಳಿಗೆ ಕೂರಿಸಿದ. ಸುಗ್ಗಿ ಮುಗಿಯಿತು. ಮಾಸ್ತರ ವರ್ಗವಾಗಿ ಹೋದ. ಸಾಲು ಹೋಗಲಿಲ್ಲ. ಮೆಣಸಿನಕಾಯಿಯ ಸುಳಿವೇ ಇಲ್ಲದ ಮಳೆಗಾಲದಲ್ಲೂ ಅದು ಅಲ್ಲೇ ಇತ್ತು. ಖಾರದ ಕೈ ಕುಡಿಯುವ ನೀರಿಗೆ ತಾಗಬಾರದೆಂದು ಆ ಮಕ್ಕಳಿಗೆ ಬೇರೆಯವರು ಮೇಲಿನಿಂದ ನೀರು ಹೊಯ್ಯುವ ಪದ್ಧತಿಯೂ ಶುರುವಾಯಿತು. ಬೊಗಸೆಯೊಡ್ಡಿ, ಬಗ್ಗಿ ಕುಡಿಯಬೇಕು. ವೀರನಗೌಡರ ಕಣದಲ್ಲಿ ಗುಡ್ಡದಂಥ ಮೆಣಸಿನಕಾಯಿ ರಾಶಿ ಬೀಳುತ್ತಿತ್ತು. ಅವರ ಮಗ ಸೀನುತ್ತಲೇ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅವನಿಗೆ ಮಾತ್ರ ಘಾಟು ಇರಲಿಲ್ಲ!

ಎರಡು ವರ್ಷದ ಹಿಂದೆ ಈ ಶಾಲೆಗೆ ನಾಗರತ್ನಾ ಮುಖ್ಯೋಪಾಧ್ಯಾಯಿನಿಯಾಗಿ ಬಂದಳು. ರಾಣೇಬೆನ್ನೂರಿನಲ್ಲಿ ಬಾಡಿಗೆ ಮನೆ, ಅಲ್ಲಿಂದ ದಿನಾ ಎರಡು ಬಸ್ಸು. ಶಾಲೆ ನಡೆಸುವವರು ಹೇಳುವುದನ್ನು ಕಡಿಮೆ ಮಾಡಿ ಕೇಳುವುದನ್ನು ಹೆಚ್ಚು ಮಾಡಬೇಕೆಂದು ಹಾವೇರಿಯ ಒಂದು ತರಬೇತಿಯಲ್ಲಿ ಕೇಳಿದ್ದಳು. ಉಳಿದವರು ಊಟ ಮಾಡಿ ಸಹಿ ಹಾಕಿ ಬಂದರು. ಇವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬಂದಳು.

ಶಿಕ್ಷಕರ ಪಾಠ ಟಿಪ್ಪಣಿಗೆ ಕೆಂಪು ಶಾಯಿ ಹಚ್ಚುವುದನ್ನು ಬಿಟ್ಟಳು. ತರಗತಿಯ ಹಿಂದೆ ಹೋಗಿ ಮಕ್ಕಳ ನಡುವೆ ಕೂರುತ್ತಿದ್ದಳು. ಗಂಟೆ ಹೊಡೆದ ಮೇಲೆ ಒಂದೇ ಮಾತು: "ಇವತ್ತು ಯಾವ ಮಗು ನಿಮಗೆ ಗೊತ್ತಿಲ್ಲದ್ದನ್ನು ಕೇಳಿತು?"

"ಏನ್ ಮೇಡಂ, ನಾವು ಸೋತದ್ದನ್ನ ದಿನಾ ರಿಪೋರ್ಟ್ ಮಾಡೂದೇನು?" ಎಂದು ವಿಜ್ಞಾನದ ಕಿರಣಕುಮಾರ ಮೊದಮೊದಲು ಮುಖ ಗಂಟಿಕ್ಕುತ್ತಿದ್ದ. ಆರು ತಿಂಗಳಲ್ಲಿ ಅವನೇ ಕೆರೆಯಿಂದ ಕಪ್ಪೆ ಮೊಟ್ಟೆ ತಂದು ಗಾಜಿನ ಬಾಟಲಿಯಲ್ಲಿಟ್ಟು, ಮಕ್ಕಳ ಜೊತೆ ಬಗ್ಗಿ ನೋಡುತ್ತಾ ಊಟದ ಗಂಟೆ ಮರೆಯುವಂತಾದ.

ಶನಿವಾರ ಬೆಳಿಗ್ಗೆ 'ಯಾಕ ತಾಸು' ಎಂದು ಮಾಡಿದಳು. ಯಾವ ಮಗು ಏನು ಬೇಕಾದರೂ ಕೇಳಬಹುದು. ಕೇಳಿದ್ದನ್ನು ಮಗುವಿನ ಹೆಸರಿನೊಂದಿಗೆ ಹಲಗೆಯ ಮೇಲೆ ಬರೆಯಬೇಕು. ಉತ್ತರ ಸಿಗುವ ತನಕ ಯಾರೂ ಒರೆಸುವಂತಿಲ್ಲ, ಮುಖ್ಯೋಪಾಧ್ಯಾಯಿನಿಯೂ ಒರೆಸುವಂತಿಲ್ಲ. ಮೆಣಸಿನಕಾಯಿ ತಿಂದರೆ ಗಿಣಿಗೆ ಯಾಕೆ ಖಾರ ಹತ್ತುವುದಿಲ್ಲ ಎಂಬ ಪ್ರಶ್ನೆ ಹದಿನೇಳು ದಿನ ಹಲಗೆಯ ಮೇಲಿತ್ತು. ಉತ್ತರ ಹುಡುಕಿ ತಂದವನು ಆರನೇ ತರಗತಿಯ ಹುಡುಗ. ಈ ಸುದ್ದಿ ಪೇಪರಿನಲ್ಲಿ ಬಂತು. ಬೇರೆ ಶಾಲೆಯವರು ನೋಡಲು ಬಂದರು. ಮಕ್ಕಳು ಶಾಲೆ ತಪ್ಪಿಸುವುದು ಕಡಿಮೆಯಾಯಿತು. ಇದೆಲ್ಲ ಖರೇ. ಅವಳು ಒಳ್ಳೆಯ ಶಿಕ್ಷಕಿ ಎನ್ನುವುದೂ ಖರೇ.

ಎರಡು ವರ್ಷದಲ್ಲಿ ಅವಳು ಎಲ್ಲವನ್ನೂ ಕೇಳಿದಳು. ಬಾಗಿಲ ಪಕ್ಕದ ಎರಡು ಬೆಂಚು ಅಲ್ಲೇಕಿವೆ ಎಂದು ಮಾತ್ರ ಕೇಳಲಿಲ್ಲ. ಯಾಕೆಂದರೆ ಅವಳಿಗೆ ಉತ್ತರ ಗೊತ್ತಿತ್ತು.

ನಾಗರತ್ನಾ ಬ್ಯಾಡಗಿಯ ಮಾದರ ಓಣಿಯವಳು. ತಾಯಿ ಮಂಗಳವ್ವ ಮೂವತ್ತು ವರ್ಷ ತುಂಬು ಬಿಡಿಸಿ ಅವಳನ್ನು ಓದಿಸಿದ್ದಳು. ನಾಗರತ್ನಾಳೂ ಬಾಗಿಲ ಪಕ್ಕ ಕೂತೇ ಕಲಿತವಳು. ರಾಣೇಬೆನ್ನೂರಿನಲ್ಲಿ ಮನೆ ಹುಡುಕುವಾಗ ಮಾಲಕಿ "ಯಾವ ಮಂದಿ ನೀವು?" ಎಂದು ಕೇಳಿದ್ದಳು. "ತತ್ತಿ ಸೈತ ಮುಟ್ಟೂದಿಲ್ರಿ" ಎಂದು ಇವಳು ಉತ್ತರ ಕೊಟ್ಟಿದ್ದಳು. ಕೇಳಿದ್ದು ಜಾತಿ, ಹೇಳಿದ್ದು ಮೊಟ್ಟೆಯ ಮಾತು. ಮಾಲಕಿ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು, ಇವಳು ತಿದ್ದಲಿಲ್ಲ. ಮಂಗಳವ್ವ ಮಗಳ ಮನೆಗೆ ಬಂದಾಗ ಮಾಲಕಿ ಚಹಾ ತಂದಳು. ಆ ಹೊತ್ತಿಗೆ ನಾಗರತ್ನಾ ತಾಯಿಯ ಕಿವಿಯ ಹತ್ತಿರ ಹೇಳಿದ್ದಳು: "ಕೈ ಸೆರಗಿನಾಗ ಇಟ್ಕೋ ಅವ್ವಾ." ಮಂಗಳವ್ವನ ಬೆರಳುಗಳು ತುದಿಯಲ್ಲಿ ಕಪ್ಪಾಗಿ, ಉಗುರು ಸವೆದು ಸೀಳಿದ್ದವು. ಮುದುಕಿ ಕೈ ಒಳಗೆ ಎಳೆದುಕೊಂಡಳು. ಆಮೇಲೆ ಮತ್ತೊಮ್ಮೆ ಬರಲಿಲ್ಲ. ಮರುವರ್ಷ ತೀರಿಕೊಂಡಳು.

ಶಾಲೆಯ ಮೇಲುಸ್ತುವಾರಿ ಸಮಿತಿಗೆ ವೀರನಗೌಡರೇ ಅಧ್ಯಕ್ಷರು. "ಅಕ್ಕೋರು ನಮ್ಮವರ ಇರಬೇಕು, ಮಾತಿನ ಮ್ಯಾಲೆ ಗೊತ್ತಾಗತೈತಿ" ಎಂದು ಒಮ್ಮೆ ಅವಳನ್ನು ಮನೆಗೆ ಕರೆದು ಚಹಾ ಕೊಟ್ಟು ಅಂದಿದ್ದರು. ನಾಗರತ್ನಾ ನಕ್ಕಿದ್ದಳು. ಆ ನಗೆಗೆ ಕ್ಷಮೆ ಇಲ್ಲ. ಅದು ಅವಳಿಗೇ ಗೊತ್ತಿತ್ತು.

ಆಗಸ್ಟ್ ತಿಂಗಳ ಒಂದು ಶನಿವಾರ ಶಾಲೆ ನೋಡಲು ಜಿಲ್ಲೆಯಿಂದ ಮೂರು ಮಂದಿ ಬರುವವರಿದ್ದರು. ಅವರು ಮೆಚ್ಚಿದರೆ ಜಿಲ್ಲೆಯ ಎಲ್ಲ ಶಾಲೆಗಳಿಗೂ ಇದೇ ಮಾದರಿ. ಹಿಂದಿನ ದಿನ ಕಿರಣಕುಮಾರ ತಲೆ ಕೆರೆದುಕೊಂಡ. "ಆ ಬಾಗಲ ಕಡೆ ಬೆಂಚ ಏನ್ ಮಾಡೂಣು ಮೇಡಂ? ಬಂದವರು ಕೇಳಿದರ?"

ನಾಗರತ್ನಾ ಕಡತದಿಂದ ತಲೆಯೆತ್ತಲಿಲ್ಲ. "ನಾಳೆ ಒಂದು ದಿನ ಆ ಮಕ್ಕಳನ್ನು ಎಲ್ಲರ ನಡುವೆ ಕೂರಿಸಿಬಿಡಿ."

ಒಂದು ದಿನ! ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಬೆಚ್ಚಿದಳು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಶನಿವಾರ ಮೂವರೂ ಬಂದು ಕುರ್ಚಿಯಲ್ಲಿ ಕೂತರು. ಮಕ್ಕಳು ಹಿಂದಿನ ದಿನ ಕಲಿಸಿದ ಪ್ರಶ್ನೆಗಳನ್ನು ಕೇಳಿದರು. ಹೌದು, ಕಲಿಸಿದ್ದರು. ಕುತೂಹಲಕ್ಕೂ ತಾಲೀಮು ಮಾಡಿಸಿದ್ದರು. ಬಂದವರು ತಲೆದೂಗಿ ಬರೆದುಕೊಂಡರು. ಅಷ್ಟರಲ್ಲಿ ನಡುವಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಏಳನೇ ತರಗತಿಯ ದುರ್ಗಾ. ಕೆಳಗಿನ ಓಣಿಯ ಹುಲಿಗೆವ್ವನ ಮಗಳು. ಎರಡು ವರ್ಷದಲ್ಲಿ ಯಾಕ ತಾಸಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

"ಅಕ್ಕೋರ, ಇವತ್ತ ನಮ್ಮ ಕೈಗೆ ಘಾಟ ಯಾಕ ಇಲ್ಲ?"

ನಾಗರತ್ನಾಳ ಕೈಯಲ್ಲಿ ಸೀಮೆಸುಣ್ಣ ಇತ್ತು. ಬರೆಯಬೇಕಿತ್ತು. ಅವಳು ಬರೆಯಲಿಲ್ಲ.

"ಸುಗ್ಗಿ ಮುಗಿದಿದೆಯಲ್ಲಮ್ಮ, ಅದಕ್ಕೆ."

"ಸುಗ್ಗಿ ಮುಗದು ಮೂರು ತಿಂಗಳಾತ್ರಿ. ನಾವು ನಿನ್ನೆನೂ ಬಾಗಲ ಕಡೇನ ಕುಂತಿದ್ವಿ. ನಿನ್ನೆ ಇದ್ದ ಘಾಟ ಇವತ್ತ ಎಲ್ಲಿ ಹೋತ್ರಿ?" ದುರ್ಗಾ ಎರಡೂ ಅಂಗೈ ಮುಂದೆ ಚಾಚಿದಳು. "ಮೂಸಿ ನೋಡ್ರಿ."

ಬಂದವರಲ್ಲಿ ಒಬ್ಬರು ಕನ್ನಡಕ ಸರಿಮಾಡಿಕೊಂಡರು. "ಏನದು ಮೇಡಂ?"

"ಏನಿಲ್ಲ ಸರ್," ಎಂದಳು ನಾಗರತ್ನಾ. "ಮಕ್ಕಳ ಬೆಂಚು ಬದಲಾಯಿಸುತ್ತಾ ಇರುತ್ತೇವೆ. ಎಲ್ಲರೂ ಎಲ್ಲ ಕಡೆ ಕೂರಲಿ ಅಂತ."

"ವೆರಿ ಗುಡ್," ಎಂದು ಅವರು ಅದನ್ನೂ ಬರೆದುಕೊಂಡರು.

ದುರ್ಗಾಳ ಕೈ ಇನ್ನೂ ಚಾಚಿಯೇ ಇತ್ತು. ಅವಳು ಅಕ್ಕೋರ ಮುಖವನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ ಆ ಕಣ್ಣಲ್ಲಿ. ನಂಬಿದವರು ಕೈಬಿಟ್ಟಾಗ ಮಕ್ಕಳು ನೋಡುವ ನೋಟ ಅದು. ಆಮೇಲೆ ಕೈ ಮಡಚಿಕೊಂಡು ಕೂತಳು. ನಾಗರತ್ನಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ. ಬಂದವರಿಗೆ ಉಪ್ಪಿಟ್ಟು ಕೊಡಿಸಿ ಕಳಿಸಿದಳು.

ಸೋಮವಾರ ಬೆಂಚುಗಳು ಮತ್ತೆ ಬಾಗಿಲ ಪಕ್ಕಕ್ಕೆ ಹೋಗಿದ್ದವು. ಯಾರು ಸರಿಸಿದರೆಂದು ಕೇಳಬೇಕಾಗಿಲ್ಲ, ಯಾರೂ ಹೇಳದೆಯೇ ಅಂಥ ಕೆಲಸ ತಾನಾಗಿ ಆಗುತ್ತದೆ. ಏಳು ಮಕ್ಕಳು ಒಳಗೆ ಬಂದರು. ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಕುಂದರ್ರೆಪಾ," ಎಂದ ಕಿರಣಕುಮಾರ.

"ಎಲ್ಲಿ ಸರ?" ಎಂದಳು ದುರ್ಗಾ.

"ನಿಮ್ಮ ಬೆಂಚಿನ ಮ್ಯಾಲೆ."

"ಅದು ನಮ್ಮ ಬೆಂಚ ಅಲ್ರಿ. ನಾವು ಕುಂದ್ರೂದಿಲ್ಲ."

ಹತ್ತು ಗಂಟೆಯಿಂದ ನಾಲ್ಕು ಇಪ್ಪತ್ತರವರೆಗೆ ನಿಂತರು. ನೋಟುಬುಕ್ಕನ್ನು ಎಡಗೈ ಮೇಲಿಟ್ಟುಕೊಂಡು ಬರೆದರು. ಮೇಲಿನಿಂದ ಹೊಯ್ಯುವ ನೀರಿಗೆ ಬೊಗಸೆ ಒಡ್ಡಲಿಲ್ಲ, ಬಾಯಾರಿಕೊಂಡೇ ಮನೆಗೆ ಹೋದರು. ಮಂಗಳವಾರವೂ ಅಷ್ಟೇ. ಸಂಜೆ ವೀರನಗೌಡರು ಆಫೀಸಿಗೆ ಬಂದರು.

"ಅಕ್ಕೋರ, ಬೆಂಚ ಹೆಂಗದಾವ ಹಂಗ ಇರಲಿ. ಅವರನ್ನ ಮುಂದ ಕುಂದರಿಸಿದಿರಿ ಅಂದ್ರ ನಮ್ಮ ಓಣಿ ಹುಡುಗರು ಸೋಮವಾರದಿಂದ ಬ್ಯಾಡಗಿ ಸಾಲಿ ವ್ಯಾನ ಹತ್ತತಾವ. ಆಮ್ಯಾಲೆ ಖಾಲಿ ಗ್ವಾಡಿಗೆ ಪಾಠ ಹೇಳ್ರಿ. ನಮ್ಮವರಾಗಿ ನೀವು ಇಷ್ಟು ತಿಳಕೋಬೇಕು."

ನಮ್ಮವರು! ನಾಗರತ್ನಾ ಆಗಲೂ ತಿದ್ದಲಿಲ್ಲ. ಎರಡು ವರ್ಷ ಕಟ್ಟಿದ ಶಾಲೆ ಒಂದೇ ದಿನಕ್ಕೆ ಬರಿದಾಗುತ್ತದೆಂಬ ಭಯವೊಂದು ಕಡೆ. ತಾನು ಯಾರೆಂದು ಗೊತ್ತಾದರೆ ಗೌಡರು ಇನ್ನು ಮುಂದೆ ಚಹಾ ಯಾವ ಲೋಟದಲ್ಲಿ ಕೊಟ್ಟಾರು ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಹೇಸಿಗೆಯಾಯಿತು.

ಬುಧವಾರ ಮಧ್ಯಾಹ್ನ ಆರನೇ ತರಗತಿಯ ಸ್ನೇಹಾ ನಿಂತಲ್ಲೇ ಕುಸಿದಳು. ಏಳು ಮಕ್ಕಳಲ್ಲಿ ಅವಳೇ ಚಿಕ್ಕವಳು. ಬೆಂಚಿನ ಕಬ್ಬಿಣದ ಅಂಚು ಹಣೆಗೆ ಬಡಿದು ರಕ್ತ ಬಂತು. ನಾಗರತ್ನಾ ಓಡಿ ಬಂದು ಎತ್ತಲು ಬಗ್ಗಿದಳು. ದುರ್ಗಾ ಅಡ್ಡ ನಿಂತಳು.

"ಬ್ಯಾಡ್ರಿ ಅಕ್ಕೋರ. ಘಾಟ ಹತ್ತೀತು."

ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮಕ್ಕಳೇ ಸ್ನೇಹಾಳನ್ನು ಹೊತ್ತುಕೊಂಡು ಹೋದರು. ನಾಗರತ್ನಾ ಚಾಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನೊಳಗೆ ಎಳೆದುಕೊಂಡಳು. ಎಳೆದುಕೊಂಡ ಮೇಲೆ ತಾಯಿ ನೆನಪಾದಳು.

ಸಂಜೆ ಅವಳು ರಾಣೇಬೆನ್ನೂರಿನ ಬಸ್ಸು ಹತ್ತಲಿಲ್ಲ. ಬ್ಯಾಡಗಿಯಲ್ಲಿ ಇಳಿದು, ಹುಲಿಗೆವ್ವ ದುಡಿಯುವ ಗೋದಾಮು ಕೇಳಿಕೊಂಡು ಹೋದಳು. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಕಾಯಿಗೆ ದೊಡ್ಡವರು ವರ್ಷವಿಡೀ ತುಂಬು ಬಿಡಿಸುತ್ತಾರೆ. ಬಾಗಿಲಲ್ಲೇ ಘಾಟು ಮೂಗಿಗೆ ಹೊಡೆಯಿತು. ನಲವತ್ತು ಹೆಂಗಸರು ಮೂಗಿಗೆ ಅರಿವೆ ಕಟ್ಟಿಕೊಂಡು ಕೆಂಪು ರಾಶಿಯ ಸುತ್ತ ಕೂತಿದ್ದರು. ಕೈಗಳು ಮಾತ್ರ ಓಡುತ್ತಿದ್ದವು. ಹುಲಿಗೆವ್ವ ಇವಳನ್ನು ನೋಡಿ ಎದ್ದು ಬಂದಳು. ಐವತ್ತರ ಹತ್ತಿರದ ಹೆಂಗಸು. ಅರಿವೆ ಬಿಚ್ಚಿ ಕೆಮ್ಮಿದಳು.

"ದುರ್ಗಿಗೆ ಬುದ್ಧಿ ಹೇಳಾಕ ಬಂದೀರೇನ್ರಿ ಅಕ್ಕೋರ? ನಾ ಹೇಳೂದಿಲ್ರಿ. ಕೇಳೂದು ಕಲಸಿದವರು ನೀವ."

"ಬುದ್ಧಿ ಹೇಳಲು ಬಂದಿಲ್ಲ. ಸ್ನೇಹಾ ಹೇಗಿದ್ದಾಳೆ ಅಂತ..."

"ಎಳ್ಡು ಹೊಲಿಗಿ ಬಿದ್ದಾವು. ಬದುಕತಾಳ." ಹುಲಿಗೆವ್ವ ಅವಳನ್ನು ದಿಟ್ಟಿಸಿದಳು. "ಮಂಗಳವ್ವನ ಮಗಳು ಅಲ್ಲೇನ್ರಿ ನೀವು?"

ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾಗರತ್ನಾ ಸುತ್ತ ನೋಡಿದಳು.

"ಇದ ಗೋದಾಮಿನಾಗ ನಿಮ್ಮವ್ವನ ಮಗ್ಗಲಾಗ ಕುಂತು ತುಂಬ ಬಿಡಿಸೇನಿ. ಹನ್ನೆರಡು ವರ್ಷ. ನೀವು ಸಾಲಿಗೆ ಬಂದ ದಿನಾನ ಗುರುತ ಹಿಡದೆ. ಅದ ಮೂಗು, ಅದ ನಡಿಗಿ."

"ಮತ್ತೆ... ಎರಡು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ?"

"ಯಾಕ ಹೇಳಲಿ? ನಿಮಗ ನಾಚಿಕಿ ಅಂತ ಗೊತ್ತಾತು. ಮಗಳಿಗೂ ಹೇಳಲಿಲ್ಲ. ನಮ್ಮ ಹುಡುಗಿ ಮ್ಯಾಲೆ ಕುಂತಾಳ, ಕುಂದ್ರಲಿ, ಹೆಂಗರ ಕುಂದ್ರಲಿ ಅಂತ ಬಾಯಿ ಮುಚಗೊಂಡೆ." ಅವಳ ದನಿ ಈಗ ಬಿರುಸಾಯಿತು. "ಖರೇ ಹೇಳ್ಲೇನು ತಂಗಿ? ನಿನ್ನ ಮರ್ಯಾದಿ ನಾವು ಕಾದ್ವಿ. ನಮ್ಮ ಹುಡುಗರ ಮರ್ಯಾದಿ ನೀ ಕಾಯಲಿಲ್ಲ."

ಇಷ್ಟು ಹೇಳಿ ಹುಲಿಗೆವ್ವ ಅರಿವೆ ಕಟ್ಟಿಕೊಂಡು ರಾಶಿಯ ಮುಂದೆ ಹೋಗಿ ಕೂತಳು. ನಾಗರತ್ನಾ ಬಸ್ ನಿಲ್ದಾಣದವರೆಗೆ ಅಳುತ್ತಾ ನಡೆದಳು. ಎದುರಿಗೆ ಸಿಕ್ಕವರು ಘಾಟಿಗೆ ಕಣ್ಣೀರು ಬಂದಿರಬೇಕೆಂದುಕೊಂಡರು. ಬ್ಯಾಡಗಿಯಲ್ಲಿ ಅಳುವವರಿಗೆ ಅದೊಂದು ಅನುಕೂಲ.

ಗುರುವಾರ ಬಾಗಿಲ ಪಕ್ಕದ ಬೆಂಚುಗಳು ಖಾಲಿ ಇದ್ದವು. ಆರು ಮಕ್ಕಳು ನಿಂತಿದ್ದರು. ಅವತ್ತೇ ಹೇಳಬಹುದಿತ್ತು. ಅವಳಿಗೆ ಧೈರ್ಯ ಬರಲಿಲ್ಲ. ಶುಕ್ರವಾರ ಸ್ನೇಹಾ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದು ಏಳನೆಯವಳಾಗಿ ನಿಂತಳು.

ಶನಿವಾರ ಯಾಕ ತಾಸು. ವೀರನಗೌಡರು ತಮ್ಮ ಓಣಿಯ ನಾಲ್ಕೈದು ಜನರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ನಿಂತಿದ್ದರು, ಅಕ್ಕೋರು ಏನು ಮಾಡುತ್ತಾರೋ ನೋಡೋಣವೆಂದು. ನಾಗರತ್ನಾ ಯಾರನ್ನೂ ಕೇಳದೆ ಸೀಮೆಸುಣ್ಣ ತೆಗೆದುಕೊಂಡಳು. ದೊಡ್ಡ ಅಕ್ಷರದಲ್ಲಿ ಬರೆದಳು: 'ಇವತ್ತ ನಮ್ಮ ಕೈಗೆ ಘಾಟ ಯಾಕ ಇಲ್ಲ? ದುರ್ಗಾ, ಏಳನೇ ತರಗತಿ.'

ತಿರುಗಿ ನಿಂತಳು. ಶಾಲೆಯಲ್ಲಿ ಅವಳು ಯಾವಾಗಲೂ ಪುಸ್ತಕದ ಕನ್ನಡ ಆಡುವವಳು. ಅದನ್ನೂ ಒಂದು ಸೆರಗಿನಂತೆ ಹೊದ್ದುಕೊಂಡಿದ್ದಳು. ಇವತ್ತು ಬಾಯಿ ತೆರೆದರೆ ತಾಯಿಯ ಮಾತೇ ಬಂತು.

"ಇದನ್ನ ಹೋದ ಶನಿವಾರ ಬರೀಬೇಕಾಗಿತ್ತು. ನಾ ಬರೀಲಿಲ್ಲ. ಸುಳ್ಳ ಹೇಳಿದೆ. ಬಂದವರ ಮುಂದೂ ಸುಳ್ಳ ಹೇಳಿದೆ. ಇವತ್ತ ಖರೇ ಹೇಳತೇನಿ. ಸುಗ್ಗಿಯಾಗ ಘಾಟು ಎಲ್ಲಾರ ಮೈಗೂ ಇರತೈತಿ, ಗೌಡರ ಮಗನ ಅಂಗಿಗೂ ಇರತೈತಿ. ನಿಮ್ಮನ್ನ ಬಾಗಲ ಕಡೆ ಕುಂದರಿಸಿದ್ದು ಕೈ ನೋಡಿ ಅಲ್ಲ. ಜಾತಿ ನೋಡಿ. ಅದಕ್ಕ ಘಾಟು ಅಂತ ಹೆಸರಿಟ್ಟೇವಿ. ಈ ಸಾಲ್ಯಾಗ ಇನ್ನ ಆ ಬೆಂಚ ಇರೂದಿಲ್ಲ. ನೀರೂ ಯಾರೂ ಮ್ಯಾಲಿಂದ ಹೊಯ್ಯೂದಿಲ್ಲ. ಎಲ್ಲಾರೂ ತಮ್ಮ ಕೈಲೆ ತಗೊಂಡು ಕುಡೀರಿ."

"ಅಕ್ಕೋರ!" ಎಂದು ಗೌಡರು ಬಾಗಿಲಿಗೆ ಬಂದರು. "ಏನ್ ಮಾತಾಡಾಕತ್ತೀರಿ? ನಮ್ಮವರಾಗಿ..."

"ನಾ ನಿಮ್ಮಾಕಿ ಅಲ್ರಿ ಗೌಡ್ರ. ಬ್ಯಾಡಗಿ ಮಾದರ ಓಣಿ ಮಂಗಳವ್ವನ ಮಗಳು. ನಮ್ಮವ್ವ ತುಂಬ ಬಿಡಿಸಿ ನನ್ನ ಓದಿಸ್ಯಾಳ. ನಾನೂ ಬಾಗಲ ಕಡೆ ಕುಂತಾಕಿ."

ಗೌಡರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಎಳ್ಡು ವರ್ಷ ನಮ್ಮ ಮನ್ಯಾಗ ಚಾ ಕುಡದೀರಿ."

"ಹೌದ್ರಿ, ಕುಡದೇನಿ. ಕಪ್ಪು ತೊಳಕೋತೀರೋ ಒಡೀತೀರೋ ನಿಮಗ ಬಿಟ್ಟದ್ದು. ಬೆಂಚ ಮಾತ್ರ ಇನ್ನ ಬಾಗಲ ಕಡೆ ಇರೂದಿಲ್ಲ."

ಗೌಡರು ಮಗನ ಕೈ ಹಿಡಿದು ಎಳೆದುಕೊಂಡು ನಡೆದರು. ಅವರ ಜೊತೆ ಹನ್ನೊಂದು ಮಕ್ಕಳು ಹೋದರು. ಗೌಡರ ಮಗ ಗೇಟಿನ ತನಕ ಹಿಂದೆ ತಿರುಗಿ ಹಲಗೆ ನೋಡುತ್ತಲೇ ಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥ ಕೆಲಸವೂ ಅದಲ್ಲ. ಎರಡು ವರ್ಷ ತಡವಾಗಿ ಮಾಡಿದ್ದು.

ಏಳು ಮಕ್ಕಳು ಬಾಗಿಲ ಪಕ್ಕದ ಬೆಂಚುಗಳನ್ನು ಎಳೆದುಕೊಂಡು ನಡುವಿಗೆ ಬಂದರು. ಕಬ್ಬಿಣದ ಕಾಲು ನೆಲಕ್ಕೆ ಕರಕರ ತಿಕ್ಕಿತು. ಕಿರಣಕುಮಾರ ಒಂದು ಗಳಿಗೆ ನೋಡಿದ. ಆಮೇಲೆ ಬಂದು ಇನ್ನೊಂದು ತುದಿ ಹಿಡಿದ. ಐದು ದಿನದ ಮೇಲೆ ಮಕ್ಕಳು ಕೂತರು. ಸ್ನೇಹಾ ಕೂತವಳೇ ಬಗ್ಗಿ ಕಾಲು ತಿಕ್ಕಿಕೊಂಡಳು.

ಉತ್ತರ ಸಿಕ್ಕಿತ್ತು. ನಿಯಮದಂತೆ ಕಿರಣಕುಮಾರ ಡಸ್ಟರ್ ಎತ್ತಿಕೊಂಡು ಪ್ರಶ್ನೆ ಒರೆಸಿದ. ದುರ್ಗಾ ಕೈ ಎತ್ತಿದಳು.

"ಇನ್ನೊಂದೈತ್ರಿ."

"ಕೇಳವ್ವಾ," ಎಂದಳು ನಾಗರತ್ನಾ.

"ನಿಮಗ ಎಲ್ಲಾ ಮೊದಲ ಗೊತ್ತಿತ್ತಲ್ರಿ ಅಕ್ಕೋರ. ನೀವೂ ಅಲ್ಲೇ ಕುಂತವರು. ಮತ್ತ ಎರಡು ವರ್ಷ ನಮ್ಮನ್ನ ನೋಡಕೋಂತ ಯಾಕ ಸುಮ್ಮನಿದ್ರಿ?"

ನಾಗರತ್ನಾಳಿಗೆ ಹೇಳಲು ಒಂದೇ ಮಾತಿತ್ತು, ನಾಚಿಕೆ ಎಂದು. ಆದರೆ ನಾಚಿಕೆ ಉತ್ತರವಲ್ಲ. ಹಣೆ ಒಡೆದುಕೊಂಡ ಹುಡುಗಿಯ ಮುಂದೆ ಅದು ಉತ್ತರವಾಗುವುದಿಲ್ಲ. ಅವಳು ಹಲಗೆಯ ಕಡೆ ತಿರುಗಿ ಆ ಪ್ರಶ್ನೆಯನ್ನು ಅಕ್ಷರ ಬಿಡದೆ ಬರೆದಳು. ಕೆಳಗೆ ದುರ್ಗಾಳ ಹೆಸರು ಬರೆದಳು.

ಹೋದ ಹನ್ನೊಂದರಲ್ಲಿ ನಾಲ್ಕು ಮಕ್ಕಳು ತಿಂಗಳೊಳಗೆ ವಾಪಸು ಬಂದರು. ಗೌಡರ ಮಗ ಬರಲಿಲ್ಲ. ರಾಣೇಬೆನ್ನೂರಿನ ಮಾಲಕಿಗೆ ನಾಗರತ್ನಾ ತಾನೇ ಹೋಗಿ ಹೇಳಿ, ಮನೆ ಖಾಲಿ ಮಾಡಿ, ಬ್ಯಾಡಗಿಗೆ ಬಂದಳು. ಅಕ್ಟೋಬರ್ ರಜೆಯಲ್ಲಿ ಶಾಲೆಗೆ ಸುಣ್ಣ ಬಳಿಯಲು ಬಂದವರು, "ಈ ಹಲಗಿ ಒರಸಿಬಿಡಲೇನ್ರಿ ಅಕ್ಕೋರ?" ಎಂದು ಕೇಳಿದರು. ಅವಳು ಬೇಡವೆಂದಳು.